ಜೊತೆಗಾತಿಯ ಕಥೆ

“ಕ್ಷಮಿಸಿ, ಇವತ್ತು ಒಂದು ನಿಯಮ ಮುರೀತಿದೀನಿ,” ಎಂದು ಇಸ್ತ್ರಿ ಎಂಬ ಅಡ್ಡಹೆಸರಿನ ಹುಡುಗಿ ಮೈಕಿನ ಮುಂದೆ ಹೇಳಿದಳು. “ನನ್ನಮ್ಮ ಇದೇ ಕಟ್ಟಡದಲ್ಲಿ ಶೌಚಾಲಯ ತೊಳೀತಾರೆ.”

ಮೂರನೇ ಸಾಲಿನಲ್ಲಿದ್ದ ಅವಳ ಜೊತೆಗಾತಿ ಸೂಜಿಯ ಕಿವಿ ಗುಂಯ್ ಎಂದಿತು. ಅರವತ್ತು ತಲೆಗಳು ವೇದಿಕೆಯಿಂದ ಅವಳತ್ತ ತಿರುಗಿದವು.

ತಿರುಗಲೇಬೇಕಿತ್ತು. ವಿಶ್ವವಿದ್ಯಾಲಯ ಎಲ್ಲರಿಗೂ ಕಡ್ಡಾಯ ಮಾಡಿದ್ದ ಎಂಟು ವಾರಗಳ ಸಮಾನತೆಯ ತರಗತಿಗೆ ಅದು ಕೊನೆಯ ದಿನ. ಇಬ್ಬಿಬ್ಬರ ಜೋಡಿ. ಜೊತೆಗಾರರ ಬದುಕಿನ ಒಂದು ಘಟನೆಯನ್ನು ‘ನಾನು’ ಎಂದೇ, ತನ್ನದೇ ಎಂಬಂತೆ ಹೇಳಬೇಕು. ಇನ್ನೊಬ್ಬರ ನೋವು ನಾಲಿಗೆಗೆ ಬಂದರೆ ಎದೆಗೂ ಇಳಿಯುತ್ತದೆ ಎಂಬುದು ತರಗತಿ ನಡೆಸುವ ಮೇಡಂ ನಂಬಿಕೆ. ಹಾಗಾಗಿ ಇಸ್ತ್ರಿಯ ಬಾಯಲ್ಲಿ ‘ನನ್ನಮ್ಮ’ ಎಂದರೆ ಸೂಜಿಯ ಅಮ್ಮ. ಇದು ಇಡೀ ಸಭಾಂಗಣಕ್ಕೆ ಗೊತ್ತು. ಜೊತೆಗಾರರು ಒಪ್ಪದ ಒಂದಕ್ಷರವೂ ಹೊರಗೆ ಬರಬಾರದು, ಬಂದರೆ ಫೇಲು ಎನ್ನುವುದೂ ಗೊತ್ತು.

ಇಬ್ಬರನ್ನು ಜೋಡಿ ಮಾಡಿದ ದಿನ ಹಿಂದಿನ ಬೆಂಚಿನವರು, “ಸೂಜಿನೂ ಸಿಕ್ತು, ಇಸ್ತ್ರಿನೂ ಸಿಕ್ತು, ಇನ್ನು ದರ್ಜಿ ಅಂಗಡಿ ತೆಗೀರಿ,” ಎಂದು ನಕ್ಕಿದ್ದರು. ಚುಚ್ಚುವ ಮಾತಿಗಾಗಿ ಒಬ್ಬಳು ಸೂಜಿ. ಗೆರೆ ಮುರಿಯದ ಬಟ್ಟೆಗಾಗಿ ಇನ್ನೊಬ್ಬಳು ಇಸ್ತ್ರಿ. ಅವಳು ದೊಡ್ಡ ಮನೆಯ ಹುಡುಗಿ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಕೈ ತೊಳೆದ ಮೇಲೆ ಬೇಸಿನ್ನಿನ ಅಂಚನ್ನೂ ತನ್ನ ಕರವಸ್ತ್ರದಿಂದ ಒರೆಸಿ ಬರುವಷ್ಟು ಶುಚಿ.

“ಎರಡು ವರ್ಷದಿಂದ ಅಮ್ಮ ಎದುರಿಗೆ ಬಂದ್ರೆ ನಾನು ಫೋನ್ ನೋಡ್ತೀನಿ,” ಇಸ್ತ್ರಿ ಮುಂದುವರಿಸಿದಳು. “ಅಮ್ಮ ಗೋಡೆ ಕಡೆ ತಿರುಗ್ತಾರೆ. ನನಗೋಸ್ಕರ. ಬಕೆಟ್ಟನ್ನ ಎಡಗೈಯಲ್ಲೇ ಹಿಡೀತಾರೆ. ಬಲಗೈಯ ಎರಡು ಬೆರಳು ಮಡಚೋಕಾಗಲ್ಲ…”

ಸೂಜಿ ಹಲ್ಲು ಕಚ್ಚಿದಳು. ಅವಳ ಅಮ್ಮನ ಹತ್ತು ಬೆರಳೂ ಚೆನ್ನಾಗಿಯೇ ಮಡಚುತ್ತಿದ್ದವು. ಗುಟ್ಟು ಬಯಲು ಮಾಡಿದ್ದು ಸಾಲದೆಂದು ಬಣ್ಣ ಬೇರೆ ಕಟ್ಟುತ್ತಿದ್ದಾಳೆ!

ಹೋದ ವಾರವಷ್ಟೇ, ಹಿಂದಿನ ಮೆಟ್ಟಿಲ ಮೇಲೆ ಕೂತು, ಸೂಜಿ ಇದನ್ನು ಹೇಳಿಕೊಂಡಿದ್ದಳು. ಯಾರಿಗೇ ಆಗಲಿ, ಮೊದಲ ಸಲ.

“ಇದು ಮೈಕಿಗಲ್ಲ ಕಣೆ. ಮೈಕಿಗೆ, ನನ್ನ ಇಂಗ್ಲಿಷ್ ಕೇಳಿ ಕ್ಲಾಸೆಲ್ಲ ನಕ್ಕಿತ್ತಲ್ಲ, ಅದನ್ನ ಹೇಳು.”

ಇಸ್ತ್ರಿ ತಲೆಯೆತ್ತಿದಳು. ಕಣ್ಣು ತುಂಬಿತ್ತು. “ನಾನೂ ನಿನಗೊಂದು ಹೇಳ್ಬೇಕು…”

“ಪಾಪ ಅಂತ ಮಾತ್ರ ಅನ್ಬೇಡ. ನಿಮ್ಮಂಥೋರ ಪಾಪ ನನಗೆ ಬೇಡ.”

ಇಸ್ತ್ರಿ ಬಾಯಿ ಮುಚ್ಚಿಕೊಂಡಳು. ತನ್ನ ಕಡೆಯಿಂದ ಹೇಳಲು ಕೊಟ್ಟದ್ದು, ನಾಯಿ ಕಂಡರೆ ತನಗಾಗುವ ಹೆದರಿಕೆ. ಅಷ್ಟೇ. ಈಗ ಹತ್ತು ನಿಮಿಷದ ಹಿಂದೆ ಸೂಜಿ ಅದನ್ನು ಶ್ರದ್ಧೆಯಿಂದ ಹೇಳಿ, ಚಪ್ಪಾಳೆ ಗಿಟ್ಟಿಸಿ ಕೂತಿದ್ದಳು.

“ಇನ್ನೊಂದೇ ಮಾತು,” ಎಂದಳು ಇಸ್ತ್ರಿ. “ಇದು…”

“ಸಾಕು, ನಿಲ್ಸು!” ಸೂಜಿ ಎದ್ದು ನಿಂತಿದ್ದಳು. “ನನ್ನಮ್ಮನ ಸುದ್ದಿ ಎತ್ಬೇಡ ಅಂದಿರಲಿಲ್ವಾ? ನಂಬಿ ಹೇಳಿದ್ದನ್ನ ನಾಟಕ ಮಾಡ್ಬಿಟ್ಯಲ್ಲೇ! ಗರಿಗರಿ ಬಟ್ಟೆ ಹಾಕೋಳೇ, ಫಿನಾಯಿಲ್ ವಾಸನೆ ಹೊತ್ತು ಮನೆಗೆ ಬರೋ ಅಮ್ಮ ಅಂದ್ರೆ ಏನು ಅಂತ ನಿನಗೇನು ಗೊತ್ತು?”

ಯಾರೋ ಕುರ್ಚಿ ಸರಿಸಿದ ಸದ್ದು. ಇಸ್ತ್ರಿ ಬಾಗಿಲತ್ತ ಒಮ್ಮೆ, ಸೂಜಿಯತ್ತ ಒಮ್ಮೆ ನೋಡಿದಳು. ಮೈಕನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು, ಪಕ್ಕದ ಬಾಗಿಲಿನಿಂದ ಹೊರಟುಹೋದಳು.

ಮೇಡಂ ದೂರಿನ ನಮೂನೆ ಕೊಟ್ಟರಾದರೂ ಹಾಳೆಯಿಂದ ಕೈ ತೆಗೆಯಲಿಲ್ಲ. “ನಾಳೆ ಬರೆದ್ರಾಯ್ತಮ್ಮ. ಅವಳು ಇನ್ನೇನೋ ಹೇಳೋಳಿದ್ದಳು ಅನ್ಸುತ್ತೆ.”

“ಕೇಳೋಕೆ ಏನೂ ಉಳಿದಿಲ್ಲ ಮೇಡಂ.”

‘ಜೊತೆಗಾರರ ಗುಟ್ಟು ಬಯಲು ಮಾಡಿದ್ದು’ ಎಂಬ ಸಾಲಿನ ಮುಂದೆ ಗುರುತು ಹಾಕಿ, ಸಹಿ ಮಾಡಿ, ಗೋಡೆಗೆ ಹೊಡೆದ ಬೀಗದ ಪೆಟ್ಟಿಗೆಯ ಸೀಳಿನೊಳಗೆ ಹಾಳೆಯನ್ನು ತುರುಕಿದಳು. ಒಳಗೆ ಬಿದ್ದದ್ದು ಕೇಳಿಸಿತು. ಫೇಲಾಗಲಿ. ಇನ್ನೊಂದು ವರ್ಷ ಕೂತು ಸಮಾನತೆ ಕಲಿಯಲಿ.

ಅಮ್ಮನಿಗೆ ಮಾತ್ರ ಈ ಸುದ್ದಿ ಬೇರೆಯವರ ಬಾಯಿಂದ ಮುಟ್ಟಬಾರದು. ಸೂಜಿ ಮೂರನೇ ಮಹಡಿ ಹತ್ತಿದಳು. ಈ ಕಟ್ಟಡಕ್ಕೆ ಬಂದು ಎರಡು ವರ್ಷವಾದ ಮೇಲೆ, ಮೊದಲ ಸಲ, ಕೆಲಸದವರ ಕೋಣೆಯ ಬಾಗಿಲು ತಟ್ಟಿದಳು.

ಅಮ್ಮ ಗಾಬರಿಯಾದಳು. “ಇಲ್ಲಿಗ್ಯಾಕೆ ಬಂದ್ಯೇ? ಯಾರಾದ್ರೂ ನೋಡಿದ್ರೆ?”

“ನೋಡ್ಲಿ ಬಿಡಮ್ಮ. ಎಲ್ರಿಗೂ ಗೊತ್ತಾಗಿದೆ.”

ಅಮ್ಮ ಮಗಳ ಕೆನ್ನೆ ಮುಟ್ಟಲು ಹೋಗಿ, ಕೈ ಒದ್ದೆಯಿದೆಯೆಂದು ಹಿಂದೆಗೆದಳು. ಸೂಜಿಯೇ ಆ ಕೈ ಹಿಡಿದುಕೊಂಡಳು.

ಒಳಗೆ, ಪೊರಕೆ ಬಕೆಟ್ಟುಗಳ ನಡುವೆ, ಇನ್ನೊಬ್ಬ ಹೆಂಗಸು ಸ್ಟೂಲಿನ ತುದಿಯಲ್ಲಿ ಕೂತಿದ್ದಳು. ಕೆಲಸದವರಿಗೆ ಕೊಡುವ ಅದೇ ನೀಲಿ ಸಮವಸ್ತ್ರ. ಆದರೆ ಒಂದು ಸುಕ್ಕಿಲ್ಲ, ತೋಳಿನ ಗೆರೆ ಅಲಗಿನಂತೆ ನಿಂತಿತ್ತು.

“ಎರಡನೇ ಮಹಡಿ ಅಕ್ಕ,” ಎಂದಳು ಅಮ್ಮ. “ಊಟ ಆದಾಗಿಂದ ಹೀಗೇ ಕೂತಿದಾರೆ ನೋಡು. ಬಟ್ಟೆ ಮುದುರುತ್ತೆ ಅಂತ ಗೋಡೆಗೂ ಒರಗ್ತಿಲ್ಲ.”

“ಸುಮ್ನಿರಿ,” ಎಂದು ಆಕೆ ನಾಚಿ ಎದ್ದಳು. “ಹೋದ ವಾರ ಯಾರೋ ಗೆಳತಿ ಮೆಟ್ಟಿಲ ಮೇಲೆ ಕೂತು ಮನಸ್ಸು ಬಿಚ್ಚಿ ಮಾತಾಡಿದ್ಳಂತೆ. ಅವತ್ತಿಂದ ನಮ್ಮ ಹುಡುಗಿಗೂ ಧೈರ್ಯ ಬಂದಿದೆ. ಬೆಳಿಗ್ಗೆ ಅವಳೇ ಈ ಬಟ್ಟೆಗೆ ಇಸ್ತ್ರಿ ಪೆಟ್ಟಿಗೆ ಎಳೆದುಕೊಟ್ಳು.”

ಹಣೆಗೆ ಬಿದ್ದ ಕೂದಲನ್ನು ಬಲಗೈಯಿಂದ ಹಿಂದೆ ಸರಿಸಿಕೊಂಡಳು. ಎರಡು ಬೆರಳು ಸೆಟೆದೇ ಇದ್ದವು.

“ಮೈಕಲ್ಲಿ ಹೇಳಿ ಮುಗಿಸಿದ ತಕ್ಷಣ ಎಲ್ಲರ ಮುಂದೆ ನನ್ನನ್ನ ಒಳಗೆ ಕರೀತೀನಿ ಅಂದಿದ್ಳು. ನೀನು ಅಲ್ಲಿಂದಲೇ ಬಂದ್ಯಾ ಮಗಾ? ಕರೆದ್ಳಾ?”