ಕೊನೆಯ ಬೆಂಚಿಗೂ ಕೇಳುವಂತೆ

"ನಾನು ಅಳೋದಿಲ್ಲ. ಬೇಕಾದ್ರೆ ಅವನೇ ಶವಪೆಟ್ಟಿಗೆಯಿಂದ ಎದ್ದು ಬಂದು ಅಳಿಸಲಿ," ಎಂದು ಬೋರ್ಗಿಲ್ಡ್ ಚೀಟಿಯನ್ನು ಪಾದ್ರಿಯ ಮೇಜಿನ ಮೇಲೆ ಕುಕ್ಕಿದಳು.

ಪಾದ್ರಿ ತೋರ್ಮುದ್ ಕನ್ನಡಕ ಸರಿಪಡಿಸಿಕೊಂಡು ಮತ್ತೊಮ್ಮೆ ಓದಿದರು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದಾಗ ಅವಳ ಗಂಡ ಆಸ್ಗರ್ ಕೈಯಾರೆ ಬರೆದದ್ದು. ಚರ್ಚಿನಲ್ಲಿ ಎಲ್ಲರೆದುರು ಓದಬೇಕೆಂದು ಮೇಲ್ಗಡೆ ಗೆರೆ ಎಳೆದು ತಾಕೀತು ಮಾಡಿದ್ದ. ಕೆಳಗೆ ಎರಡೇ ಸಾಲು. 'ನನ್ನನ್ನು ಕಳಿಸಿಕೊಡುವ ದಿನ ನೀವೆಲ್ಲ ಗ್ರೀನೆ ಮಾಡಬೇಕು. ಬೋರ್ಗಿಲ್ಡ್ ಮಾತ್ರ ಎಲ್ಲರಿಗಿಂತ ಜೋರಾಗಿ, ಕೊನೆಯ ಬೆಂಚಿಗೂ ಕೇಳುವಂತೆ.'

ಗ್ರೀನೆ. ಅಳುವುದು. ಹಸಿದ ಕೂಸು ಮಾಡುವುದೂ ಅದನ್ನೇ, ಬಿದ್ದು ಮೊಣಕಾಲು ತರಚಿಕೊಂಡವರು ಮಾಡುವುದೂ ಅದನ್ನೇ.

"ಕೊನೇ ಆಸೆ ಕಣಮ್ಮಾ. ಓದದೆ ಇರೋಕಾಗಲ್ಲ."

"ಓದಿ. ಬೇಡ ಅಂದೋರ್ಯಾರು?"

ಅವಳ ಸಿಟ್ಟಿಗೆ ನಲವತ್ನಾಲ್ಕು ವರ್ಷ ವಯಸ್ಸಾಗಿತ್ತು. ಅಪ್ಪನ ದೋಣಿ ಮುಳುಗಿದಾಗ ಅವಳಿಗೆ ಹತ್ತೊಂಬತ್ತು. ನಾರ್ವೆಯ ಆ ಪುಟ್ಟ ಬಂದರಿನ ಜನವೆಲ್ಲ, ಹೆಣ ಸಿಗದೆ ಖಾಲಿಯೇ ಇಟ್ಟ ಶವಪೆಟ್ಟಿಗೆ ಬಿಟ್ಟು ಅವಳ ಮುಖವನ್ನೇ ನೋಡಿದ್ದರು. ಒಂದು ಹನಿಯೂ ಬಂದಿರಲಿಲ್ಲ. ಅಂದಿನಿಂದ ಊರಿಗೆ ಅವಳು 'ಕಲ್ಲು'.

ಎರಡು ವರ್ಷದ ಹಿಂದೆ ಡೆನ್ಮಾರ್ಕಿನಿಂದ ದೋಣಿಯ ಎಂಜಿನ್ ರಿಪೇರಿಗೆ ಬಂದ ಆಸ್ಗರ್ ಅಲ್ಲೇ ಉಳಿದುಬಿಟ್ಟ. "ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಕೊಂಡು ಮಾತಾಡ್ತಾನೆ," ಎಂದು ಜನ ಆಡಿಕೊಳ್ಳುತ್ತಿದ್ದರು. ಅವನು ಆಡಿದ್ದು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಬರೆದುಕೊಟ್ಟರೆ ಮಾತ್ರ ನಾರ್ವೆಯವರದೇ ಬರಹದಂತೆ ಸಲೀಸು. ಅಪ್ಪನ ಕಥೆ ಕೇಳಿ ಅವನು ಹೇಳಿದ್ದು ಒಂದೇ ಮಾತು: "ಕಣ್ಣೀರು ನಿಂದು. ಊರಿಗ್ಯಾಕೆ ತೋರಿಸ್ಬೇಕು?" ಅವನನ್ನೇ ಮದುವೆಯಾಗುವುದೆಂದು ಅವಳು ತೀರ್ಮಾನಿಸಿದ್ದು ಅಂದೇ.

ಅದೇ ಮನುಷ್ಯ ಸಾಯುವಾಗ ಊರಿನವರ ಪಕ್ಷ ಸೇರಿಬಿಟ್ಟಿದ್ದ. ಅವನು ಹೋದದ್ದಕ್ಕಿಂತ ಅವಳಿಗೆ ಉರಿದದ್ದು ಇದು.

ಶನಿವಾರ ಚರ್ಚು ತುಂಬಿತ್ತು. ಪಾದ್ರಿ ಚೀಟಿ ಓದಿ ಮುಗಿಸಿದರು. ತಲೆಗಳೆಲ್ಲ ಒಮ್ಮೆಗೇ ಮೊದಲ ಬೆಂಚಿನ ಕಡೆ ತಿರುಗಿದವು. ಚಿಕ್ಕಪ್ಪನ ಮಗಳು ಓಡ್ನಿ ಹಿಂದಿನಿಂದ ಬಗ್ಗಿ ಅವಳ ಮಡಿಲಿಗೆ ಕರವಸ್ತ್ರ ಹಾಕಿದಳು.

"ಈಗಲಾದ್ರೂ ಅತ್ತುಬಿಡಕ್ಕಾ. ಜನ ನೋಡ್ತಿದಾರೆ."

"ನೋಡ್ಲಿ."

ಬೋರ್ಗಿಲ್ಡ್ ಎದ್ದು ಜನರತ್ತ ತಿರುಗಿ ನಿಂತಳು. ನಕ್ಕಳು.

ಮೊದಮೊದಲು ಅದು ಬರೀ ಹಟದ ನಗು, ಒಣಕಲು. ಆಮೇಲೆ ಮದುವೆಯ ದಿನ ನೆನಪಾಯಿತು. ಫೋಟೋಗೆಂದು ಹಿಂದೆ ಹಿಂದೆ ಹೆಜ್ಜೆಯಿಟ್ಟ ಆಸ್ಗರ್ ಕೋಟು ಬೂಟು ಸಮೇತ ಬಂದರುಕಟ್ಟೆಯಿಂದ ಸಮುದ್ರಕ್ಕೆ ಬಿದ್ದಿದ್ದ. ತಲೆ ಮೇಲೆತ್ತಿ ಕೇಳಿದ್ದ: "ಚೆನ್ನಾಗಿ ಬಂತಾ?" ಈಗ ನಗು ಹೊಟ್ಟೆಯೊಳಗಿಂದಲೇ ಉಕ್ಕಿತು. ಮಕ್ಕಳ ಕಿವಿ ಮುಚ್ಚಿದರು ತಾಯಂದಿರು. ಯಾರೋ "ತಲೆ ಕೆಟ್ಟಿದೆ" ಎಂದರು. ಓಡ್ನಿ ಮುಖ ಮುಚ್ಚಿಕೊಂಡಳು. ಪಕ್ಕೆ ಹಿಡಿದುಕೊಳ್ಳುವವರೆಗೂ ನಕ್ಕು ಬೋರ್ಗಿಲ್ಡ್ ಕುಳಿತಳು. 'ನನ್ನನ್ನ ಅಳಿಸೋಕೆ ನಿನ್ನ ಕೈಲೂ ಆಗಲಿಲ್ಲ ನೋಡು,' ಎಂದಳು ಮನಸ್ಸಿನಲ್ಲೇ, ಪೆಟ್ಟಿಗೆಗೆ.

ಹೊರಗೆ ಯಾರೂ ಅವಳ ಕೈಕುಲುಕಲಿಲ್ಲ. ಅವಳು ನಡೆದಂತೆ ಜನ ಸರಿದು ದಾರಿ ಬಿಟ್ಟರು. ಆ ದಾರಿಯಲ್ಲಿ ಎದುರಾದವಳು ಆಸ್ಗರನ ಅಕ್ಕ ಕಿರ್ಸ್ಟಿನೆ. ಬೆಳಗಿನ ಹಡಗಿಗೆ ಡೆನ್ಮಾರ್ಕಿನಿಂದ ಬಂದಿಳಿದು ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತಿದ್ದವಳು. ಕೈಯಲ್ಲಿ ಕೋಲು, ಕಣ್ಣೆರಡೂ ಕೆಂಪು.

"ಈಗ ಬಾರಿಸ್ತಾಳೆ ನೋಡು," ಎಂದು ಓಡ್ನಿ ಪಿಸುಗುಟ್ಟಿದಳು.

ಬೋರ್ಗಿಲ್ಡ್ ಗಲ್ಲ ಎತ್ತಿ ನಿಂತಳು. ಹೊಡೆದರೆ ಹೊಡೆಯಲಿ.

ಕಿರ್ಸ್ಟಿನೆ ಕೋಲು ಬಿಸಾಕಿ ಅವಳನ್ನು ಬಾಚಿ ತಬ್ಬಿಕೊಂಡಳು. ತಬ್ಬಿಕೊಂಡೇ ಊರವರನ್ನು ದುರುಗುಟ್ಟಿ ನೋಡಿದಳು.

"ಇಷ್ಟು ಜನ ಸೇರಿದೀರಿ, ನನ್ನ ತಮ್ಮನ ಕೊನೇ ಮಾತು ನಡೆಸಿಕೊಟ್ಟೋಳು ಇವಳೊಬ್ಬಳೇ! ನೀವೆಲ್ಲ ಯಾಕೆ ಮೂತಿ ಉಬ್ಬಿಸ್ಕೊಂಡು ಕೂತಿದ್ರಿ? ಗ್ರೀನೆ ಅಂದ್ರೆ ನಮ್ಮ ಡೆನ್ಮಾರ್ಕಲ್ಲಿ ನಗೋದು... ಯಾಕೆ, ನಿಮ್ಮಲ್ಲಿ ಬೇರೇನಾ?"