ಕೆಲಸ ಕೊಡದ ಮ್ಯಾನೇಜರು

ಬ್ರಿಟನ್ನಿನ ದೊಡ್ಡ ಲಾರಿ ಸಾಗಣೆ ಕಂಪನಿಯೊಂದರ ಅಧ್ಯಕ್ಷೆ ವಾರಿಜಾ ಹುಲಿಯಾರ್ ಅವರಿಗೆ ಆ ವರ್ಷ 'ಡೇಮ್' ಎಂಬ ರಾಜಗೌರವ ಬಂದಿತ್ತು. ಅವರ ಬದುಕಿನ ಬಗ್ಗೆ ಬರೆಯಲು ತುಮಕೂರಿನ ಪತ್ರಿಕೆಯೊಂದರ ವರದಿಗಾರ್ತಿ ನಳಿನಿ, ಲೆಸ್ಟರ್ ನಗರದಲ್ಲಿದ್ದ ಅವರ ಮನೆಗೆ ಬಂದಿದ್ದಳು. ಪದಕದ ಫೋಟೊ ತೆಗೆದದ್ದಾಯಿತು, ಬಾಲ್ಯದ ಕತೆಯೂ ಮುಗಿಯಿತು. ನಳಿನಿಗೆ ಬೇಕಾಗಿದ್ದದ್ದು ಬೇರೆಯೇ.

"ಮೇಡಂ, ಇದೇ ಕಂಪನಿಯಲ್ಲಿ ಮೊದಲು ನಿಮಗೆ ಕೆಲಸ ಕೊಡಲ್ಲ ಅಂದಿದ್ರಂತೆ?"

"ಹೌದಮ್ಮ. ಮ್ಯಾನೇಜರು ನಮ್ಮ ಕಡೆಯವರೇ. ಆ ಧೈರ್ಯದಲ್ಲೇ ಹೋಗಿದ್ದೆ. ಅರ್ಜಿಯನ್ನ ಪೂರ್ತಿ ಓದಲೂ ಇಲ್ಲ. 'ಇಲ್ಲಿರೋದು ನಾನೂರು ಡ್ರೈವರ್‌ಗಳು, ನಿಮ್ಮ ಮಾತು ಯಾರು ಕೇಳ್ತಾರೆ?' ಅಂದುಬಿಟ್ಟರು. ಬಸ್‌ಸ್ಟಾಪಿನಲ್ಲಿ ನಿಂತು ಅತ್ತುಬಿಟ್ಟೆ. ಮಾರನೇ ದಿನ ಸೀದಾ ಮಾಲೀಕರನ್ನೇ ಕಂಡೆ. ಅವರು ಕೆಲಸ ಕೊಟ್ಟರು."

"ಅಧ್ಯಕ್ಷೆ ಆದಮೇಲೆ ಆ ಮ್ಯಾನೇಜರನ್ನ ಮನೆಗೆ ಕಳಿಸಿದ್ರಾ?"

"ಛೆ, ಕಳಿಸಿದ್ರೆ ಎಲ್ಲೋ ಹಾಯಾಗಿ ಇರ್ತಿದ್ರು. ಅಷ್ಟು ಸುಲಭಕ್ಕೆ ಬಿಡ್ತೀನಾ?"

ನಳಿನಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ತಲೆಬರಹ ಸಿಕ್ಕಿಬಿಟ್ಟಿತ್ತು.

"ಅವರ ಹೆಸರು ಹಾಕಬಹುದಾ?"

"ಬೇಡಮ್ಮ, ಮಾನಸ್ಥರು. ನಾಲ್ಕು ಜನರ ಮುಂದೆ ಓಡಾಡಬೇಕು."

"ಹೆಸರಿಲ್ಲದೇ ಬರೀತೀನಿ. ಆದರೆ ಅವರ ಕಡೆಯ ಮಾತನ್ನೂ ಒಂದೆರಡು ಸಾಲು ಹಾಕಬೇಕಲ್ಲ ಮೇಡಂ. ಈಗ ಎಲ್ಲಿ ಸಿಗ್ತಾರೆ ಅವರು?"

ವಾರಿಜಾ ಅಡುಗೆಮನೆಯ ಕಡೆ ತಿರುಗಿ ಕೂಗಿದರು:

"ರೀ, ಒಗ್ಗರಣೆ ಆಮೇಲೆ ಹಾಕಿದ್ರಾಯ್ತು, ಒಂದು ನಿಮಿಷ ಇಲ್ಲಿ ಬನ್ನಿ!"