ಬಾಡಿ ಕೆಲಸ

“ಇಷ್ಟಗಲದ ಟೈರು ಇದರೊಳಗೆ ಹೇಗಪ್ಪಾ ಹಿಡಿಸೋದು?” ಎಂದು ಅಶ್ವತ್ಥನಾರಾಯಣ ತನ್ನ ಹಳೆಯ ಕಾರನ್ನು ಸುತ್ತುತ್ತ, ಯಾರಿಗೆಂದಿಲ್ಲದೆ ಗಟ್ಟಿಯಾಗಿ ಕೇಳಿದ. ಭಾನುವಾರದ ಹಳೇ ಕಾರುಗಳ ರೇಸಿಗೆ ತನ್ನ ಹೆಸರನ್ನೂ, ಜೊತೆಗಿರಲೆಂದು ಹೆಂಡತಿ ಕಾತ್ಯಾಯಿನಿಯ ಹೆಸರನ್ನೂ ಬರೆಸಿ, ಬೀದಿಗೆಲ್ಲ ಸಾರಿಬಿಟ್ಟಿದ್ದ.

“ಬಾಡಿ ಕೆಲಸ ಮಾತ್ರ ಬೇಡ ದಸ್ತಗೀರಣ್ಣ. ಅಪ್ಪನ ಕಾಲದ ತಗಡು, ಕತ್ತರಿ ತಾಗ್ಬಾರ್ದು.”

ಮೇಸ್ತ್ರಿ ದಸ್ತಗೀರ್ ಮಡ್‌ಗಾರ್ಡಿನ ಒಳಂಚನ್ನಷ್ಟೇ ಬಡಿದು ಮಡಿಸಿ, ರೇಸಿನ ಟೈರು ಕೂರಿಸಿದ. ತಾನೇ ಓಡಿಸಿ ನೋಡಿದ, ಸದ್ದಿಲ್ಲ. ಆಮೇಲೆ ಅಶ್ವತ್ಥನಾರಾಯಣ ಹತ್ತಿ ಕೂತ. ಮೊದಲ ತಿರುವಿನಲ್ಲೇ ಟೈರು ತಗಡಿಗೆ ಉಜ್ಜಿ ಕಿರ್ರೆಂದಿತು. ಕಾತ್ಯಾಯಿನಿ ಓಡಿಸಿದಳು, ಮತ್ತೆ ಸದ್ದಿಲ್ಲ.

“ಬಾಡಿ ಕೆಲಸ ಆಗ್ಲೇಬೇಕು ಸಾರ್.”

“ಬೇಡ ಅಂದೆನಲ್ಲ!”

“ಕಾರಿಂದಲ್ಲ ಸಾರ್,” ಎಂದ ದಸ್ತಗೀರ್, ಅವನ ಹೊಟ್ಟೆಯ ಕಡೆ ನೋಡದಿರಲು ಹೆಣಗುತ್ತ.

ಅದು ಭಾನುವಾರದೊಳಗೆ ಕರಗುವ ಹೊಟ್ಟೆಯಲ್ಲವೆಂದು ಇಪ್ಪತ್ತು ವರ್ಷ ಅದನ್ನು ಸಾಕಿದವನಿಗೆ ಗೊತ್ತಿತ್ತು. ಪೆಚ್ಚುನಗೆ ನಕ್ಕು, ಕೀಲಿಯನ್ನು ಹೆಂಡತಿಯ ಕೈಗಿಟ್ಟ. “ನೀನೇ ಓಡಿಸು ಮಾರಾಯ್ತಿ. ನಾನು ಪಕ್ಕದಲ್ಲಿ ಕೂತು ದಾರಿ ಹೇಳ್ತೀನಿ.”

“ಬೇಡ್ರೀ,” ಎಂದಳು ಕಾತ್ಯಾಯಿನಿ. “ಟೈರು ಹೊಸದು.”